ಇಂಟರಪ್ಟಿನೊಳಗೊಂದು ಇಂಟರಪ್ಟ್: ಕರ್ನಲ್‌ಗಳು ಅದನ್ನು ಪಳಗಿಸಿದ ಎಪ್ಪತ್ತು ವರ್ಷ

ಪ್ರೊಸೆಸರ್ ಯಾವುದೋ ಲೆಕ್ಕದಲ್ಲಿ ಮುಳುಗಿರುವಾಗಲೇ ಕೀಬೋರ್ಡ್, ಡಿಸ್ಕ್, ಗಡಿಯಾರ, ನೆಟ್‌ವರ್ಕ್ ಕಾರ್ಡುಗಳು ಅದರ ಗಮನ ಬೇಡುತ್ತವೆ. ಸಾಧನವೊಂದು ಹೀಗೆ ಕಳಿಸುವ ಸಂಕೇತವೇ ಇಂಟರಪ್ಟ್. ಸಂಕೇತ ಬಂದೊಡನೆ ಪ್ರೊಸೆಸರ್ ಕೈಲಿದ್ದ ಕೆಲಸ ನಿಲ್ಲಿಸಿ, ಆ ಸಾಧನಕ್ಕೆಂದೇ ಕರ್ನಲ್‌ನಲ್ಲಿ, ಎಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನಲ್ಲಿ, ಬರೆದಿಟ್ಟ ಹ್ಯಾಂಡ್ಲರ್ ಎಂಬ ಪುಟ್ಟ ಪ್ರೋಗ್ರಾಮಿಗೆ ಹಾರುತ್ತದೆ. ಅದು ಮುಗಿದ ಮೇಲೆ ಬಿಟ್ಟಲ್ಲಿಗೆ ಮರಳುತ್ತದೆ. ಆ ಹ್ಯಾಂಡ್ಲರ್ ಇನ್ನೂ ಓಡುತ್ತಿರುವಾಗ ಮತ್ತೊಂದು ಸಾಧನ ಕರೆದು, ಪ್ರೊಸೆಸರ್ ಆ ಕರೆಗೂ ಓಗೊಟ್ಟರೆ ಅದು ನೆಸ್ಟೆಡ್ ಇಂಟರಪ್ಟ್, ಎಂದರೆ ಅಡಚಣೆಯೊಳಗಿನ ಅಡಚಣೆ.

ಇದರ ತೊಡಕೆಲ್ಲ ಇರುವುದು ಮರಳುವ ದಾರಿಯಲ್ಲಿ. ಉದ್ದನೆಯ ಕಂಬಸಾಲು ಕೂಡುತ್ತಿದ್ದ ಶಾನುಭೋಗರನ್ನು ನಡುವೆ ಯಾರೋ ಕರೆದರೆ, ಅವರು ಯಾವ ಸಾಲಿನಲ್ಲಿದ್ದೆ ಎಂಬುದನ್ನಷ್ಟೇ ಅಲ್ಲ, ಕೈಯಲ್ಲಿ ಉಳಿದ ದಶಕ ಎಷ್ಟು ಎಂಬುದನ್ನೂ ಗುರುತು ಹಾಕಿಕೊಂಡು ಏಳಬೇಕು. ಪ್ರೊಸೆಸರಿಗೆ ಸಾಲಿನ ಗುರುತು ಪ್ರೋಗ್ರಾಮ್ ಕೌಂಟರ್. ದಶಕವೆಂದರೆ ರಿಜಿಸ್ಟರುಗಳು, ಸ್ಥಿತಿಸೂಚಕ ಬಿಟ್‌ಗಳು. ಇವನ್ನು ಬರೆದಿಡುವ ಜಾಗ ಒಂದೇ ಇದ್ದರೆ ಎರಡನೆಯ ಕರೆ ಮೊದಲನೆಯ ಗುರುತನ್ನು ಅಳಿಸಿಹಾಕುತ್ತದೆ. ಜಾಗ ಎಷ್ಟೋ ಇದೆ ಎಂದರೂ ಒಂದು ಕಡೆ ಅದು ಮುಗಿಯಲೇಬೇಕು. ನೆಸ್ಟೆಡ್ ಇಂಟರಪ್ಟಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಜಾಗದ ಚರಿತ್ರೆ.

ಮೊದಲ ಯಂತ್ರಗಳು ಈ ಗುರುತನ್ನು ಹಾರ್ಡ್‌ವೇರಿನಲ್ಲೇ ಇರಿಸಿದವು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1954ರಲ್ಲಿ ಕಟ್ಟಿದ ಡೈಸಿಯಾಕ್‌ನಲ್ಲಿ ಎರಡು ಪ್ರೋಗ್ರಾಮ್ ಕೌಂಟರ್‌ಗಳಿದ್ದವು. ಹೊರಗಿನ ಸಂಕೇತ ಬಂದರೆ ಯಂತ್ರ ಒಂದರಿಂದ ಇನ್ನೊಂದಕ್ಕೆ ಹೊರಳುತ್ತಿತ್ತು. ಎರಡು ವರ್ಷಗಳ ನಂತರ ಕ್ಲೀವ್‌ಲ್ಯಾಂಡ್‌ನಲ್ಲಿ ವಾಯುಯಾನ ಸಂಶೋಧನೆಯ ನಾಕಾ ಸಂಸ್ಥೆಯ ಲೂಯಿಸ್ ಪ್ರಯೋಗಾಲಯದಲ್ಲಿ ಯೂನಿವ್ಯಾಕ್ 1103ಎ ಯಂತ್ರ ಸಾಮಾನ್ಯ ಲೆಕ್ಕ ಮಾಡುತ್ತಿದ್ದಾಗಲೇ ಗಾಳಿಸುರಂಗದ ಅಳತೆಗಳು ಬಂದರೆ ಅದನ್ನು ಬದಿಗಿಟ್ಟು ಇವನ್ನು ಸ್ವೀಕರಿಸುತ್ತಿತ್ತು. ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ವೆಸ್ಲಿ ಕ್ಲಾರ್ಕ್ ವಿನ್ಯಾಸಗೊಳಿಸಿದ ಟಿಎಕ್ಸ್-2 ಇನ್ನೂ ಮುಂದೆ ಹೋಗಿ ಸಾಧನಕ್ಕೊಂದರಂತೆ ಕೌಂಟರ್ ಕೊಟ್ಟು, ಯಾವುದು ಹೆಚ್ಚು ತುರ್ತು ಎಂಬ ಶ್ರೇಣಿಯನ್ನೂ ಹಚ್ಚಿತು. ದುಬಾರಿ ದಾರಿಯೇನೋ ಹೌದು. ಆದರೆ ಒಂದರ ಗುರುತು ಇನ್ನೊಂದನ್ನು ಅಳಿಸುವ ಭಯ ಅಲ್ಲಿರಲಿಲ್ಲ.

ಈ ಹೊಸ ಸೌಲಭ್ಯದ ಅಪಾಯವನ್ನು ಮೊದಲಿಗೇ ಆಳವಾಗಿ ಕಂಡವರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಅವರ ಸಹೋದ್ಯೋಗಿಗಳಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟೆನ್ ಎಲೆಕ್ಟ್ರೊಲಾಜಿಕಾ ಎಕ್ಸ್1 ಯಂತ್ರವನ್ನು ರೂಪಿಸುತ್ತ ಅದಕ್ಕೆ ಇಂಟರಪ್ಟ್ ಸೇರಿಸೋಣವೆಂದಾಗ ಡೈಕ್‌ಸ್ಟ್ರಾ ಗಾಬರಿಗೊಂಡರೆಂದು ಅವರೇ ಬಹುಕಾಲದ ನಂತರ ಬರೆದುಕೊಂಡಿದ್ದಾರೆ. ಕಾರಣ ಸರಳ. ಅಲ್ಲಿಯವರೆಗೆ ಒಂದು ಪ್ರೋಗ್ರಾಮನ್ನು ಅದೇ ದತ್ತಾಂಶದೊಂದಿಗೆ ಎಷ್ಟು ಸಲ ಓಡಿಸಿದರೂ ಅದೇ ಫಲಿತಾಂಶ ಬರುತ್ತಿತ್ತು. ತಪ್ಪಿದ್ದರೆ ಮತ್ತೆ ಓಡಿಸಿ ಹುಡುಕಬಹುದಿತ್ತು. ಇಂಟರಪ್ಟ್ ಬರುವ ಕ್ಷಣ ಯಾರ ಹಿಡಿತದಲ್ಲೂ ಇಲ್ಲ. ಎರಡು ಆಜ್ಞೆಗಳ ನಡುವಿನ ಒಂದೇ ಒಂದು ಸಂದಿಯಲ್ಲಿ ಬಂದಾಗ ಮಾತ್ರ ಕೆಡುವ ಪ್ರೋಗ್ರಾಮು ಮರುಪರೀಕ್ಷೆಯಲ್ಲಿ ಸಾವಿರ ಸಲ ಸರಿಯಾಗಿಯೇ ಓಡಬಹುದು.

ಕೊನೆಗೆ ಅವರು ಒಪ್ಪಿ, ಯಾವ ಘಳಿಗೆಯಲ್ಲಿ ಅಡಚಣೆ ಬಂದರೂ ಪ್ರೊಸೆಸರಿನ ಸ್ಥಿತಿಯನ್ನು ಪೂರ್ತಿಯಾಗಿ ಉಳಿಸಿ ಮರಳಿಸಬಹುದೇ ಎಂದು ಕೂಲಂಕಷವಾಗಿ ಪರಿಶೀಲಿಸಿದರು. 1959ರ ಅವರ ಡಾಕ್ಟರೇಟ್ ಪ್ರಬಂಧ ಎಕ್ಸ್1ರ ಈ ವ್ಯವಸ್ಥೆಯನ್ನೇ ಕುರಿತದ್ದು. ಪರೀಕ್ಷೆಯನ್ನು ನಂಬಲಾಗದ ಕಡೆ ತರ್ಕದಿಂದ ಸಾಧಿಸಬೇಕೆಂಬ ಅವರ ಹಟ ಇಲ್ಲಿಂದಲೇ ಬಲಗೊಂಡಂತೆ ತೋರುತ್ತದೆ. ಐಂಡ್‌ಹೋವನ್ನಿನಲ್ಲಿ ಎಕ್ಸ್8 ಯಂತ್ರಕ್ಕೆ ಅವರ ತಂಡ ಕಟ್ಟಿ 1968ರಲ್ಲಿ ಪ್ರಕಟಿಸಿದ ಟಿಎಚ್ಇ ವ್ಯವಸ್ಥೆಯಲ್ಲಿ ಪ್ರೊಸೆಸರನ್ನು ಹಂಚುವ ಮತ್ತು ಗಡಿಯಾರದ ಇಂಟರಪ್ಟನ್ನು ಸ್ವೀಕರಿಸುವ ಕೆಲಸ ಅತ್ಯಂತ ಕೆಳಗಿನ ಪದರದಲ್ಲಿತ್ತು. ಅದರ ಮೇಲಿನ ಪದರಗಳು ಪರಸ್ಪರ ಸೆಮಾಫೋರ್‌ಗಳ ಮೂಲಕ ಕಾಯುತ್ತ, ಎಬ್ಬಿಸುತ್ತ ನಡೆಯುವ ಕ್ರಮಬದ್ಧ ಪ್ರಕ್ರಿಯೆಗಳಾಗಿದ್ದವು. ಇಂಟರಪ್ಟನ್ನು ಆದಷ್ಟು ಕೆಳಗೇ ಹಿಡಿದು, ಅದನ್ನು ಕಾಯುತ್ತಿರುವ ಯಾರನ್ನೋ ಎಬ್ಬಿಸುವ ಸಂದೇಶವಾಗಿ ಮಾತ್ರ ಮೇಲೆ ಕಳಿಸುವ ಈ ಉಪಾಯಕ್ಕೆ ಮುಂದಿನ ಕರ್ನಲ್‌ಗಳು ಮತ್ತೆ ಮತ್ತೆ ಬಂದು ಸೇರಿದವು.

ಅದೇ ದಶಕದಲ್ಲಿ ಚಂದ್ರನತ್ತ ಹೊರಟ ಅಪೋಲೋ ನೌಕೆಯ ಕಂಪ್ಯೂಟರ್ ನೆಸ್ಟಿಂಗನ್ನು ಪೂರ್ತಿ ನಿಷೇಧಿಸಿತ್ತು. ಇಂಟರಪ್ಟ್ ಬಂದಾಗ ಮರಳುವ ವಿಳಾಸವನ್ನೂ ಮುಂದೆ ನಡೆಯಬೇಕಿದ್ದ ಆಜ್ಞೆಯನ್ನೂ ಇಡಲು ತಲಾ ಒಂದೇ ರಿಜಿಸ್ಟರ್. ಆದ್ದರಿಂದ ಹ್ಯಾಂಡ್ಲರ್ ಮುಗಿದು ‘ರೆಸ್ಯೂಮ್’ ಆಜ್ಞೆ ಬರುವವರೆಗೆ ಉಳಿದ ಇಂಟರಪ್ಟ್‌ಗಳು ಕಾಯುತ್ತಿದ್ದವು. ಸಂಕಲನದಲ್ಲಿ ಅಂಕಿ ಮಿತಿ ಮೀರಿ ಓವರ್‌ಫ್ಲೋ ಆಗಿದ್ದರೆ ಅಷ್ಟು ಹೊತ್ತು ಯಾವ ಇಂಟರಪ್ಟಿಗೂ ಪ್ರವೇಶವಿರಲಿಲ್ಲ, ಏಕೆಂದರೆ ಆ ಹೆಚ್ಚಿನ ಬಿಟ್ ಮೆಮರಿಯ ಪದದಲ್ಲಿ ಹಿಡಿಯುತ್ತಿರಲಿಲ್ಲ. ಹ್ಯಾಂಡ್ಲರ್‌ಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯಬೇಕೆಂಬ ಶಿಸ್ತು ಇದರ ಬೆಲೆ. ಹೆಚ್ಚು ಹೊತ್ತು ಹಿಡಿಯುವ ಕೆಲಸವಿದ್ದರೆ ಹ್ಯಾಲ್ ಲ್ಯಾನಿಂಗ್ ರೂಪಿಸಿದ ‘ಎಕ್ಸಿಕ್ಯೂಟಿವ್’ ಎಂಬ ಹಂಚಿಕೆದಾರನ ಸರದಿಗೆ ಒಂದು ಕೆಲಸವಾಗಿ ಸೇರಿಸಿ ಹ್ಯಾಂಡ್ಲರ್ ಹೊರಬೀಳುತ್ತಿತ್ತು.

1969ರ ಜುಲೈ 20ರಂದು ಅಪೋಲೋ 11 ಇಳಿಯುವಾಗ ಕೇಳಿಬಂದ 1202 ಎಂಬ ಎಚ್ಚರಿಕೆ ಈ ಸರದಿಯದೇ. ಬಳಕೆಯಲ್ಲಿರದ ರಾಂಡೆವೂ ರೇಡಾರಿನ ಸಂಕೇತಗಳು ಕೌಂಟರುಗಳನ್ನು ಏರಿಸಿ ಇಳಿಸುತ್ತ ಪ್ರೊಸೆಸರಿನ ಹತ್ತನೆಯ ಒಂದು ಪಾಲಿಗಿಂತಲೂ ಹೆಚ್ಚು ಸಮಯವನ್ನು ಕದ್ದವು. ಇವು ಇಂಟರಪ್ಟ್‌ಗಳೂ ಅಲ್ಲ, ಅದಕ್ಕೂ ಕೆಳಗಿನ ಮಟ್ಟದ ಕಳವು. ಹಾಗಾಗಿ ಯಾವ ತಡೆಯೂ ಅವಕ್ಕೆ ನಾಟಲಿಲ್ಲ. ಕೆಲಸಗಳು ಮುಗಿಯದೆ ಒಂದರ ಮೇಲೊಂದು ಬಿದ್ದು, ಅವುಗಳಿಗೆ ಮೀಸಲಾದ ಮೆಮರಿಯ ಖಾನೆಗಳು ತೀರಿಹೋದವು. ವ್ಯವಸ್ಥೆ ತನ್ನನ್ನು ತಾನೇ ಮರುಪ್ರಾರಂಭಿಸಿ, ಮುಖ್ಯ ಕೆಲಸಗಳನ್ನಷ್ಟೇ ಮತ್ತೆ ಎತ್ತಿಕೊಂಡದ್ದರಿಂದ ಇಳಿಯುವಿಕೆ ನಿಲ್ಲಲಿಲ್ಲ.

ನೆಸ್ಟಿಂಗನ್ನು ಎಲ್ಲರ ಕೈಗೆ ಸಿಗುವಂತೆ ಮಾಡಿದ್ದು 1970ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಹೊರತಂದ ಪಿಡಿಪಿ-11. ಇಂಟರಪ್ಟ್ ಬಂದಾಗ ಪ್ರೊಸೆಸರ್ ತನ್ನ ಸ್ಥಿತಿಪದವನ್ನೂ ಪ್ರೋಗ್ರಾಮ್ ಕೌಂಟರನ್ನೂ ಸ್ಟ್ಯಾಕಿನ ಮೇಲೆ ಪೇರಿಸುತ್ತಿತ್ತು. ಒಂದೇ ಖಾನೆಯ ಬದಲು ಮೇಲಕ್ಕೆ ಬೆಳೆಯುವ ರಾಶಿ: ಎರಡನೆಯದರ ಗುರುತು ಮೊದಲನೆಯದರ ಮೇಲೆ, ಮೂರನೆಯದು ಅದರ ಮೇಲೆ, ಮರಳುವಾಗ ಕೊನೆಯದು ಮೊದಲು. ಸ್ಥಿತಿಪದದ ಮೂರು ಬಿಟ್‌ಗಳು 0ಯಿಂದ 7ರವರೆಗಿನ ಆದ್ಯತೆಯನ್ನು ಹೇಳುತ್ತಿದ್ದವು. ಸಾಧನಗಳು 4ರಿಂದ 7ರವರೆಗಿನ ನಾಲ್ಕು ಮಟ್ಟಗಳಲ್ಲಿ ಕೂಗಬಹುದಿತ್ತು; ಪ್ರೊಸೆಸರಿನ ಈಗಿನ ಮಟ್ಟಕ್ಕಿಂತ ಮೇಲಿನ ಕೂಗಿಗೆ ಮಾತ್ರ ಓಗೊಡುತ್ತಿತ್ತು. ಟರ್ಮಿನಲ್ 4, ಡಿಸ್ಕ್ 5, ಗಡಿಯಾರ 6. ಹೀಗಾಗಿ ನೆಸ್ಟಿಂಗಿಗೆ ತಾನಾಗಿಯೇ ಒಂದು ಮಿತಿ ಬಿತ್ತು.

ಬೆಲ್ ಲ್ಯಾಬ್ಸ್‌ನ ಯೂನಿಕ್ಸ್ ಈ ಹಾರ್ಡ್‌ವೇರಿನ ಮೇಲೆ ಬೆಳೆದದ್ದರಿಂದ ಅದರ ಕರ್ನಲ್‌ನ ನಡೆನುಡಿಯೆಲ್ಲ ಈ ಮಟ್ಟಗಳಲ್ಲೇ ಇದೆ. 1975ರ ಆರನೆಯ ಆವೃತ್ತಿಯಲ್ಲಿ ಎಸ್‌ಪಿಎಲ್0, ಎಸ್‌ಪಿಎಲ್5, ಎಸ್‌ಪಿಎಲ್6 ಮುಂತಾದ ಪುಟ್ಟ ರೂಟೀನುಗಳು ಪ್ರೊಸೆಸರಿನ ಮಟ್ಟವನ್ನು ಏರಿಸುತ್ತವೆ, ಇಳಿಸುತ್ತವೆ. ಹ್ಯಾಂಡ್ಲರ್ ಮತ್ತು ಉಳಿದ ಕರ್ನಲ್ ಇಬ್ಬರೂ ಮುಟ್ಟುವ ಪಟ್ಟಿಯೊಂದಿದ್ದರೆ ಅದನ್ನು ತಿದ್ದುವ ಮುನ್ನ ಮಟ್ಟ ಏರಿಸಬೇಕು. ಒಂದು ಪ್ರಕ್ರಿಯೆ ‘ಡಿಸ್ಕ್ ಮುಗಿಸಿಲ್ಲ’ ಎಂದು ನೋಡಿ ಮಲಗಲು ಹೊರಟಿತೆನ್ನಿ. ನೋಡಿದ್ದಕ್ಕೂ ಮಲಗಿದ್ದಕ್ಕೂ ನಡುವೆ ಡಿಸ್ಕಿನ ಇಂಟರಪ್ಟ್ ಬಂದು ಎಬ್ಬಿಸುವ ಕರೆ ಕೊಟ್ಟು ಹೋದರೆ, ಆಮೇಲೆ ಮಲಗಿದ ಪ್ರಕ್ರಿಯೆಯನ್ನು ಎಬ್ಬಿಸುವವರು ಯಾರೂ ಇಲ್ಲ. ಅದಕ್ಕಾಗಿಯೇ ನೋಡುವುದು ಮತ್ತು ಮಲಗುವುದು ಎರಡೂ ಎಸ್‌ಪಿಎಲ್6ರ ಮರೆಯಲ್ಲಿ ನಡೆಯುತ್ತವೆ.

ಆ ಕೋಡಿನಲ್ಲಿ ಇಂದಿಗೂ ಗಮನಿಸಬೇಕಾದ ಎರಡು ಅಭ್ಯಾಸಗಳಿವೆ. ಮೊದಲನೆಯದು, ಬಫರುಗಳನ್ನು ನಿರ್ವಹಿಸುವ ರೂಟೀನುಗಳು ಮಟ್ಟ ಏರಿಸುವ ಮುನ್ನ ಹಳೆಯ ಸ್ಥಿತಿಪದವನ್ನು ಒಂದು ಚರದಲ್ಲಿ ಇಟ್ಟುಕೊಂಡು, ಕೊನೆಯಲ್ಲಿ ಅದನ್ನೇ ಮರಳಿಸುತ್ತವೆ. ಕುರುಡಾಗಿ 0ಗೆ ಇಳಿಸುವುದಿಲ್ಲ. ಆ ರೂಟೀನನ್ನು ಕರೆದದ್ದು ಒಬ್ಬ ಹ್ಯಾಂಡ್ಲರ್ ಆಗಿದ್ದರೆ, 0ಗೆ ಇಳಿಸಿದ ಕ್ಷಣ ಅದೇ ಸಾಧನ ತನ್ನ ಹ್ಯಾಂಡ್ಲರನ್ನು ಅರ್ಧದಲ್ಲೇ ಮತ್ತೆ ಹೊಕ್ಕುಬಿಡುತ್ತದೆ. ಎರಡನೆಯದು ಗಡಿಯಾರದ ಹ್ಯಾಂಡ್ಲರಿನದು. ಸೆಕೆಂಡಿಗೆ 60 ಸಲ ಬರುವ ಅದು, ತಾನು ಅಡ್ಡಿಪಡಿಸಿದ ಕೋಡ್ ಯಾವ ಮಟ್ಟದಲ್ಲಿತ್ತೆಂದು ಮೊದಲು ನೋಡುತ್ತದೆ. ಮಟ್ಟ 0 ಆಗಿದ್ದರೆ ಮಾತ್ರ ತನ್ನ ಮಟ್ಟವನ್ನು ಇಳಿಸಿಕೊಂಡು, ಬಾಕಿ ಇರುವ ದೀರ್ಘ ಕೆಲಸಗಳನ್ನು ಮಾಡುತ್ತದೆ; ಇಲ್ಲದಿದ್ದರೆ ಮುಂದಿನ ಸಲಕ್ಕೆ ಬಿಟ್ಟು ಹೊರಡುತ್ತದೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ 1977ರಲ್ಲಿ ಸಿದ್ಧಪಡಿಸಿದ ವ್ಯಾಖ್ಯಾನದ ಮೂಲಕ ಈ ಕೋಡನ್ನು ಒಂದು ತಲೆಮಾರಿನ ವಿದ್ಯಾರ್ಥಿಗಳು ಸಾಲು ಸಾಲಾಗಿ ಓದಿ ಕಲಿತರು.

ಮಟ್ಟಗಳ ಕಲ್ಪನೆ ತನ್ನ ಪೂರ್ಣರೂಪ ತಳೆದದ್ದು 1977ರ ವ್ಯಾಕ್ಸ್ ಯಂತ್ರದಲ್ಲಿ. 32 ಮಟ್ಟಗಳಲ್ಲಿ ಮೇಲಿನ 16 ಹಾರ್ಡ್‌ವೇರಿಗೆ, 1ರಿಂದ 15ರವರೆಗಿನವು ಸಾಫ್ಟ್‌ವೇರ್ ತನಗೆ ತಾನೇ ಕೊಟ್ಟುಕೊಳ್ಳುವ ಇಂಟರಪ್ಟ್‌ಗಳಿಗೆ. ವಿಎಂಎಸ್ ವ್ಯವಸ್ಥೆಯ ಡ್ರೈವರುಗಳು 20ರ ಆಸುಪಾಸಿನ ಮಟ್ಟದಲ್ಲಿ ಸಾಧನದ ರಿಜಿಸ್ಟರುಗಳನ್ನಷ್ಟೇ ಓದಿಕೊಂಡು, ಉಳಿದ ಕೆಲಸವನ್ನು ಕೆಳಗಿನ ಸಾಫ್ಟ್‌ವೇರ್ ಮಟ್ಟಕ್ಕೆ ಇಳಿಸುತ್ತಿದ್ದವು. ಇಂಟರಪ್ಟ್‌ಗಳಿಗೆಂದೇ ಪ್ರತ್ಯೇಕ ಸ್ಟ್ಯಾಕ್ ಇದ್ದುದರಿಂದ, ಆಳವಾದ ನೆಸ್ಟಿಂಗಿಗೆ ಬೇಕಾದ ಜಾಗವನ್ನು ಪ್ರತಿ ಪ್ರಕ್ರಿಯೆಯ ಸ್ಟ್ಯಾಕಿನಲ್ಲೂ ಕಾದಿರಿಸಬೇಕಾಗಿರಲಿಲ್ಲ. ವಿಎಂಎಸ್ ಶಿಲ್ಪಿಗಳಲ್ಲೊಬ್ಬರಾದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೊಸಾಫ್ಟ್ ಸೇರಿದಾಗ ಈ ವಿನ್ಯಾಸವೂ ಅವರ ಹಿಂದೆ ಹೋಯಿತು. 1993ರ ವಿಂಡೋಸ್ ಎನ್‌ಟಿಯ ಐಆರ್‌ಕ್ಯೂಎಲ್ ಮಟ್ಟಗಳು, ಮುಂದೂಡಿದ ಕೆಲಸಕ್ಕಿರುವ ಡಿಪಿಸಿ ಸರದಿ ಅದರದೇ ಸಂತತಿ. ನೀಲಿ ಪರದೆಯ ಮೇಲೆ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಎಂದು ಕಂಡವರು, ಮೇಲಿನ ಮಟ್ಟದಲ್ಲಿ ಮುಟ್ಟಬಾರದ ಮೆಮರಿಯನ್ನು ಯಾವುದೋ ಡ್ರೈವರ್ ಮುಟ್ಟಿದ್ದರ ಫಲವನ್ನು ಕಂಡಿದ್ದಾರೆ.

ಪಿಸಿಯ ದಾರಿ ಬೇರೆ. 1981ರ ಐಬಿಎಂ ಪಿಸಿಯಲ್ಲಿ ಆದ್ಯತೆ ಪ್ರೊಸೆಸರಿನಲ್ಲಿರಲಿಲ್ಲ, ಪಕ್ಕದ 8259ಎ ಎಂಬ ಚಿಪ್ಪಿನಲ್ಲಿತ್ತು. ಎಂಟು ತಂತಿಗಳ ಆ ಚಿಪ್ಪು 1984ರ ಎಟಿ ಮಾದರಿಯಲ್ಲಿ ಎರಡಾಗಿ, ಒಂದು ತಂತಿ ಜೋಡಣೆಗೆ ಹೋಗಿ 15 ಉಳಿದವು. ಪ್ರೊಸೆಸರಿಗೆ ಗೊತ್ತಿದ್ದದ್ದು ಇಂಟರಪ್ಟ್‌ಗೆ ಬಾಗಿಲು ತೆರೆಯುವ ಮತ್ತು ಮುಚ್ಚುವ ಎರಡೇ ಆಜ್ಞೆಗಳು, ಎಸ್‌ಟಿಐ ಮತ್ತು ಸಿಎಲ್ಐ. ಯಾವುದು ತುರ್ತು ಎಂಬುದನ್ನು ಬಹುಮಟ್ಟಿಗೆ ತಂತಿಯ ಕ್ರಮಸಂಖ್ಯೆಯೇ ನಿರ್ಧರಿಸುತ್ತಿತ್ತು, ಕೆಲಸದ ನಿಜವಾದ ಅಗತ್ಯವಲ್ಲ.

ಇದರ ಕಷ್ಟ ಹೆಚ್ಚಾಗಿ ಬಾಧಿಸಿದ್ದು ಮೋಡೆಮ್ ಬಳಸುವವರನ್ನು. ಹಳೆಯ 8250 ಸೀರಿಯಲ್ ಚಿಪ್ಪಿನಲ್ಲಿ ಬಂದ ಅಕ್ಷರವನ್ನು ಹಿಡಿದಿಡಲು ಒಂದೇ ಬೈಟಿನ ಜಾಗ. ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಅದನ್ನು ಎತ್ತದಿದ್ದರೆ ಮುಂದಿನ ಅಕ್ಷರ ಅದನ್ನು ಅಳಿಸುತ್ತದೆ. ಅಷ್ಟರಲ್ಲಿ ಡಿಸ್ಕ್ ಡ್ರೈವರ್ ಬಾಗಿಲು ಮುಚ್ಚಿಕೊಂಡು ಪ್ರೊಸೆಸರಿನ ಕೈಯಿಂದಲೇ ದತ್ತಾಂಶ ಸಾಗಿಸುತ್ತ ಕುಳಿತರೆ ಅಕ್ಷರಗಳು ಕಳೆದುಹೋಗುತ್ತಿದ್ದವು. ಡಿಸ್ಕಿನ ಹ್ಯಾಂಡ್ಲರ್ ಓಡುವಾಗಲೂ ಉಳಿದವರಿಗೆ ಬಾಗಿಲು ತೆರೆದಿಡುವ ಆಯ್ಕೆಯನ್ನು ಲಿನಕ್ಸ್‌ನ ಎಚ್‌ಡಿಪಾರ್ಮ್ ಎಂಬ ಉಪಕರಣ ಕೊಟ್ಟದ್ದು ಇದಕ್ಕಾಗಿಯೇ. ನೆಸ್ಟಿಂಗ್ ಇಲ್ಲಿ ಅಂದಚೆಂದದ ಪ್ರಶ್ನೆಯಾಗಿರಲಿಲ್ಲ.

1991ರಲ್ಲಿ ಶುರುವಾದ ಲಿನಕ್ಸ್ ಹ್ಯಾಂಡ್ಲರುಗಳನ್ನು ಎರಡು ಬಗೆ ಮಾಡಿತು. ‘ಫಾಸ್ಟ್’ ಎಂಬವು ಬಾಗಿಲು ಮುಚ್ಚಿಕೊಂಡು ಓಡುತ್ತಿದ್ದವು. ‘ಸ್ಲೋ’ ಎಂಬವು ತೆರೆದಿಟ್ಟು. ಕರ್ನಲ್ ತನಗೆ ಬಂದ ತಂತಿಯೊಂದನ್ನೇ ಚಿಪ್ಪಿನಲ್ಲಿ ಮುಚ್ಚಿ, ಆ ಕೂಡಲೇ ಚಿಪ್ಪಿಗೆ ‘ಸ್ವೀಕರಿಸಿದೆ’ ಎಂದು ತಿಳಿಸಿ, ಆಮೇಲೆ ಹ್ಯಾಂಡ್ಲರನ್ನು ಕರೆಯುತ್ತಿತ್ತು. ಅಲ್ಲಿಗೆ ಚಿಪ್ಪಿನ ಆದ್ಯತೆಯ ಶ್ರೇಣಿ ಅರ್ಥ ಕಳೆದುಕೊಂಡಿತು: ತನ್ನ ತಂತಿಯನ್ನು ಬಿಟ್ಟು ಬೇರೆ ಯಾವುದೂ ಒಳಬರಬಹುದಿತ್ತು. 15 ತಂತಿಗಳಿರುವವರೆಗೆ ಇದು ಸಹ್ಯವೇ ಆಗಿತ್ತು. ದೀರ್ಘ ಕೆಲಸಗಳಿಗೆ ‘ಬಾಟಮ್ ಹಾಫ್’ ಎಂಬ 32 ಖಾನೆಗಳಿದ್ದವು. 2001ರ ಜನವರಿಯಲ್ಲಿ ಬಂದ 2.4 ಆವೃತ್ತಿಯ ಹೊತ್ತಿಗೆ ಸಾಫ್ಟ್‌ಐಆರ್‌ಕ್ಯೂ ಮತ್ತು ಟ್ಯಾಸ್ಕ್‌ಲೆಟ್‌ಗಳು ಅವುಗಳ ಹೊಣೆ ಹೊತ್ತವು. ಎಷ್ಟು ಇಂಟರಪ್ಟ್‌ಗಳ ಒಳಗಿದ್ದೇವೆ ಎಂಬ ಲೆಕ್ಕವನ್ನು ಕರ್ನಲ್ ಇಟ್ಟಿರುತ್ತದೆ. ಅತ್ಯಂತ ಹೊರಗಿನ ಹ್ಯಾಂಡ್ಲರ್ ಮುಗಿದು ಲೆಕ್ಕ ಸೊನ್ನೆಗೆ ಇಳಿದಾಗ ಮಾತ್ರ ಮುಂದೂಡಿದ ಕೆಲಸ ಶುರುವಾಗುತ್ತದೆ.

ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳು ಬಂದಾಗ ಬಾಗಿಲು ಮುಚ್ಚುವುದೊಂದೇ ಸಾಲದಾಯಿತು. ಪಕ್ಕದ ಪ್ರೊಸೆಸರಿನ ಬಾಗಿಲು ತೆರೆದೇ ಇರುತ್ತದೆ. ಬೀಗ ಬೇಕು. ಬೀಗ ಬಂದೊಡನೆ ಹೊಸ ಅಪಾಯವೂ ಬಂತು. ಕರ್ನಲ್ ಒಂದು ಸ್ಪಿನ್‌ಲಾಕ್ ಹಿಡಿದಿರುವಾಗ ಅದೇ ಪ್ರೊಸೆಸರಿನಲ್ಲಿ ಇಂಟರಪ್ಟ್ ಬಂದು, ಹ್ಯಾಂಡ್ಲರ್ ಅದೇ ಬೀಗಕ್ಕೆ ಕಾದು ನಿಂತರೆ, ಬೀಗ ಬಿಡಬೇಕಾದವನು ಹ್ಯಾಂಡ್ಲರ್ ಮುಗಿಯದೆ ಮುಂದುವರಿಯಲಾರ, ಹ್ಯಾಂಡ್ಲರ್ ಬೀಗ ಸಿಗದೆ ಮುಗಿಯಲಾರ. ಆದ್ದರಿಂದ ಹ್ಯಾಂಡ್ಲರ್ ಕೂಡ ಬಳಸುವ ಬೀಗವನ್ನು ಹಿಡಿಯುವ ಮುನ್ನ ಈ ಪ್ರೊಸೆಸರಿನ ಬಾಗಿಲು ಮುಚ್ಚಬೇಕು, ಮೊದಲು ಹೇಗಿತ್ತೋ ಅದನ್ನು ನೆನಪಿಟ್ಟು ಹಾಗೆಯೇ ಮರಳಿಸಬೇಕು: ಯೂನಿಕ್ಸ್ ಆರನೆಯ ಆವೃತ್ತಿಯ ಅದೇ ಶಿಸ್ತು. ಎಲ್ಲ ಪ್ರೊಸೆಸರುಗಳ ಬಾಗಿಲನ್ನು ಒಟ್ಟಿಗೇ ಮುಚ್ಚುವ ಹಳೆಯ ಸೌಲಭ್ಯವನ್ನು 2002ರಲ್ಲಿ ಕಿತ್ತುಹಾಕಿದಾಗ ಅನೇಕ ಡ್ರೈವರುಗಳನ್ನು ತಿದ್ದಬೇಕಾಯಿತು. 2006ರಲ್ಲಿ ಇಂಗೊ ಮೊಲ್ನಾರ್ ಬರೆದ ಲಾಕ್‌ಡೆಪ್ ಎಂಬ ಪರೀಕ್ಷಕ ಈ ನಿಯಮದ ಕಾವಲಿಗೆ ನಿಂತಿತು. ಒಂದು ಬೀಗವನ್ನು ಒಮ್ಮೆ ಹ್ಯಾಂಡ್ಲರಿನೊಳಗೆ ಹಿಡಿದದ್ದನ್ನೂ, ಇನ್ನೆಲ್ಲೋ ಬಾಗಿಲು ತೆರೆದಿಟ್ಟು ಹಿಡಿದದ್ದನ್ನೂ ಅದು ಜೋಡಿಸಿ ನೋಡಿ, ಎರಡೂ ಎಂದೂ ಒಟ್ಟಿಗೆ ಘಟಿಸಿರದಿದ್ದರೂ ಎಚ್ಚರಿಸುತ್ತದೆ. ಡೈಕ್‌ಸ್ಟ್ರಾ ಅವರನ್ನು ಕಾಡಿದ, ಮರುಕಳಿಸದ ತಪ್ಪಿಗೆ ಇದಕ್ಕಿಂತ ನೇರವಾದ ಉತ್ತರ ಬಂದದ್ದು ಕಡಿಮೆ.

ಕೆಲಸವನ್ನು ಮುಂದೂಡಿದ ಮಾತ್ರಕ್ಕೆ ಅದು ಆಗಿಬಿಡುವುದಿಲ್ಲ ಎಂಬುದನ್ನು ನೆಟ್‌ವರ್ಕ್ ಕಲಿಸಿತು. ಪ್ಯಾಕೆಟ್ಟುಗಳು ಧಾರಾಕಾರವಾಗಿ ಬಂದಾಗ ಪ್ರೊಸೆಸರ್ ಬರೇ ಇಂಟರಪ್ಟ್‌ಗಳನ್ನು ಸ್ವೀಕರಿಸುತ್ತಲೇ ಇದ್ದು, ಸ್ವೀಕರಿಸಿದ ಪ್ಯಾಕೆಟ್ಟುಗಳನ್ನು ಮುಂದಕ್ಕೆ ದಾಟಿಸಲು ಬಿಡುವೇ ಸಿಗದ ಸ್ಥಿತಿ ಉಂಟಾಗುತ್ತದೆ. ಜೆಫ್ರಿ ಮೊಗಲ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಕೆ. ಕೆ. ರಾಮಕೃಷ್ಣನ್ 1996ರಲ್ಲಿ ಇದನ್ನು ವಿಶ್ಲೇಷಿಸಿ ಪರಿಹಾರ ಸೂಚಿಸಿದರು: ಮೊದಲ ಇಂಟರಪ್ಟ್ ಬಂದೊಡನೆ ಆ ಸಾಧನದ ಬಾಯಿ ಮುಚ್ಚಿಸಿ, ಆಮೇಲೆ ಕರ್ನಲ್ಲೇ ಮಿತಿಯಿಟ್ಟುಕೊಂಡು ಹೋಗಿ ಪ್ಯಾಕೆಟ್ಟುಗಳನ್ನು ತರಲಿ, ಖಾಲಿಯಾದಾಗ ಮತ್ತೆ ಬಾಯಿ ಬಿಡಿಸಲಿ. ಲಿನಕ್ಸ್‌ನ ನ್ಯಾಪಿ ವ್ಯವಸ್ಥೆ ನಡೆಯುವುದು ಹೀಗೆಯೇ.

ಇನ್ನೊಂದು ದಾರಿ ಸನ್ ಕಂಪನಿಯ ಸೋಲಾರಿಸ್ 2ರದು. ಅದು ಹ್ಯಾಂಡ್ಲರುಗಳನ್ನೇ ಥ್ರೆಡ್‌ಗಳನ್ನಾಗಿ ಮಾಡಿತು. ಥ್ರೆಡ್ ಆದ ಮೇಲೆ ಅದಕ್ಕೆ ತನ್ನದೇ ಸ್ಟ್ಯಾಕ್, ತನ್ನದೇ ಆದ್ಯತೆ. ಬೀಗ ಸಿಗದಿದ್ದರೆ ಮಲಗಿ ಕಾಯಬಹುದು. ಲಿನಕ್ಸ್‌ನ ನೈಜಕಾಲದ ಶಾಖೆಯಲ್ಲಿ ಇದೇ ವಿಚಾರ ಬೆಳೆದು, 2009ರ 2.6.30 ಆವೃತ್ತಿಯಲ್ಲಿ ಥಾಮಸ್ ಗ್ಲೈಕ್ಸ್‌ನರ್ ಅವರ ಕೆಲಸದ ಮೂಲಕ ಮುಖ್ಯ ಕರ್ನಲ್‌ಗೆ ಬಂತು. ಸಾಧನವನ್ನು ಗುರುತಿಸಿ ಬಾಯಿ ಮುಚ್ಚಿಸುವಷ್ಟೇ ಕೆಲಸ ಇಂಟರಪ್ಟಿನಲ್ಲಿ, ಉಳಿದದ್ದು ಥ್ರೆಡ್‌ನಲ್ಲಿ.

ಇದು ಕೈಗೆ ಸಿಕ್ಕ ಮೇಲೆ ಲಿನಕ್ಸ್ ನೆಸ್ಟಿಂಗನ್ನೇ ಕೈಬಿಡುವ ಧೈರ್ಯ ಮಾಡಿತು. ಅಷ್ಟು ಹೊತ್ತಿಗೆ ಹಳೆಯ 15 ತಂತಿಗಳು ಹೋಗಿ, ಮೆಮರಿಗೆ ಸಂದೇಶ ಬರೆಯುವ ಮೂಲಕ ಕೂಗುವ ಸಾಧನಗಳು ಬಂದಿದ್ದವು. ಒಂದೇ ನೆಟ್‌ವರ್ಕ್ ಕಾರ್ಡ್ ಹಲವು ಸರದಿಗಳಿಗೆ ಹಲವು ಇಂಟರಪ್ಟ್‌ಗಳನ್ನು ಹೊಂದಿತ್ತು. ಅವೆಲ್ಲ ಒಂದೇ ಪ್ರೊಸೆಸರಿನ ಮೇಲೆ ಎರಗಿದಾಗ ಹ್ಯಾಂಡ್ಲರಿನ ಮೇಲೆ ಹ್ಯಾಂಡ್ಲರ್ ಪೇರಿ ಕೆಲವೇ ಕಿಲೋಬೈಟ್‌ಗಳ ಸ್ಟ್ಯಾಕ್ ಉಕ್ಕಿದ ಪ್ರಸಂಗಗಳು ವರದಿಯಾದವು. 2010ರ 2.6.35 ಆವೃತ್ತಿಯಿಂದ ಎಲ್ಲ ಹ್ಯಾಂಡ್ಲರುಗಳೂ ಬಾಗಿಲು ಮುಚ್ಚಿಕೊಂಡೇ ಓಡಬೇಕೆಂದು ಬದಲಾಯಿಸಲಾಯಿತು. ಫಾಸ್ಟ್, ಸ್ಲೋ ಎಂಬ ಭೇದ ಅಲ್ಲಿಗೆ ಮುಗಿಯಿತು. ಇದು ಸರಿಯಾದ ತೀರ್ಮಾನ. ಈಗ ಒಂದು ಪ್ರೊಸೆಸರಿನಲ್ಲಿ ಸಾಮಾನ್ಯವಾಗಿ ಪೇರಬಹುದಾದದ್ದು ನಾಲ್ಕೇ ಅಂತಸ್ತು: ಪ್ರಕ್ರಿಯೆ, ಅದರ ಮೇಲೆ ಸಾಫ್ಟ್‌ಐಆರ್‌ಕ್ಯೂ, ಅದರ ಮೇಲೆ ಹಾರ್ಡ್‌ವೇರ್ ಇಂಟರಪ್ಟ್, ಎಲ್ಲಕ್ಕಿಂತ ಮೇಲೆ ಎನ್ಎಂಐ. ಆಳ ಗೊತ್ತಿದ್ದರೆ ಸ್ಟ್ಯಾಕಿನ ಲೆಕ್ಕ ಹಾಕಬಹುದು.

ಉಳಿದ ಆ ಎನ್ಎಂಐ, ಬಾಗಿಲು ಮುಚ್ಚಿದರೂ ನಿಲ್ಲದ ಇಂಟರಪ್ಟ್. ಹಾರ್ಡ್‌ವೇರ್ ದೋಷಗಳಿಗೂ, ಸ್ತಬ್ಧಗೊಂಡ ಕರ್ನಲ್ಲನ್ನು ಪತ್ತೆಹಚ್ಚಲೂ ಅದು ಬೇಕು. ಒಂದು ಎನ್ಎಂಐ ಬಂದಾಗ ಎಕ್ಸ್86 ಪ್ರೊಸೆಸರ್ ಐರೆಟ್ ಎಂಬ ಮರಳುವ ಆಜ್ಞೆ ಬರುವವರೆಗೆ ಇನ್ನೊಂದನ್ನು ತಡೆಹಿಡಿಯುತ್ತದೆ. ಆದರೆ ಆ ಐರೆಟ್ ಯಾರದೆಂದು ಅದು ನೋಡುವುದಿಲ್ಲ. ಎನ್ಎಂಐ ಹ್ಯಾಂಡ್ಲರಿನೊಳಗೆ ಒಂದು ಪೇಜ್‌ಫಾಲ್ಟ್ ಅಥವಾ ಬ್ರೇಕ್‌ಪಾಯಿಂಟ್ ಆಗಿ, ಅದು ತನ್ನ ಐರೆಟ್‌ನಿಂದ ಮರಳಿದರೆ ತಡೆ ಅಕಾಲದಲ್ಲಿ ತೆರವಾಗುತ್ತದೆ. 64 ಬಿಟ್ ಯಂತ್ರದಲ್ಲಿ ಎನ್ಎಂಐ ಸ್ಟ್ಯಾಕ್ ಪ್ರತಿಸಲ ಅದೇ ವಿಳಾಸದಿಂದ ಶುರುವಾಗುವುದರಿಂದ ಎರಡನೆಯದು ಮೊದಲನೆಯದರ ಮರಳುವ ಗುರುತಿನ ಮೇಲೇ ಬರೆಯುತ್ತದೆ. ಅಪೋಲೋ ಕಂಪ್ಯೂಟರಿನ ವಿನ್ಯಾಸಕಾರರು ನೆಸ್ಟಿಂಗ್ ನಿಷೇಧಿಸಿ ತಪ್ಪಿಸಿದ್ದ ಅಪಾಯ ಇದೇ.

2012ರ 3.3 ಆವೃತ್ತಿಯಲ್ಲಿ ಸ್ಟೀವನ್ ರಾಸ್ಟೆಡ್ ಇದಕ್ಕೆ ಸಾಫ್ಟ್‌ವೇರಿನಲ್ಲೇ ದಾರಿ ಮಾಡಿದರು. ಮೊದಲ ಎನ್ಎಂಐ ಒಳಬಂದೊಡನೆ ತನ್ನ ಗುರುತಿನ ನಕಲುಗಳನ್ನು ಸ್ಟ್ಯಾಕಿನಲ್ಲಿ ಬೇರೆಡೆ ಇಟ್ಟು, ‘ಓಡುತ್ತಿದ್ದೇನೆ’ ಎಂದು ಒಂದು ಪದ ಬರೆಯುತ್ತದೆ. ಎರಡನೆಯದು ಬಂದರೆ ಆ ಪದವನ್ನು ನೋಡಿ, ತಾನು ಏನನ್ನೂ ಮಾಡದೆ, ಮೊದಲನೆಯದು ಮರಳುವ ವಿಳಾಸವನ್ನಷ್ಟೇ ತಿದ್ದಿ ಹೊರಡುತ್ತದೆ. ಮೊದಲನೆಯದು ಮುಗಿಸಿ ಮರಳಿದಾಗ ತಿದ್ದಿದ ವಿಳಾಸ ಅದನ್ನು ಎನ್ಎಂಐ ಹ್ಯಾಂಡ್ಲರಿನ ಆರಂಭಕ್ಕೇ ಒಯ್ದು, ಎರಡನೆಯದರ ಕೆಲಸ ಆಗ ನಡೆಯುತ್ತದೆ. ನೆಸ್ಟ್ ಆದದ್ದು ಹೀಗೆ ಸಾಲಾಗಿ ಮಾರ್ಪಡುತ್ತದೆ. ಹಾರ್ಡ್‌ವೇರಿನ ಕೊರತೆಯನ್ನು ಇಷ್ಟು ಸೂಕ್ಷ್ಮವಾಗಿ ತುಂಬಿಕೊಟ್ಟ ಅಸೆಂಬ್ಲಿ ಕೋಡ್ ಕರ್ನಲ್‌ನಲ್ಲಿ ಅಪರೂಪ.

ಇಂಟೆಲ್ ರೂಪಿಸಿದ ಫ್ರೆಡ್ ಎಂಬ ಹೊಸ ವಿಧಾನದಲ್ಲಿ ಐರೆಟ್‌ನ ಜಾಗಕ್ಕೆ ಬೇರೆ ಆಜ್ಞೆಗಳು ಬಂದಿವೆ. ಎನ್ಎಂಐ ತಡೆಯನ್ನು ತೆಗೆಯಬೇಕೆಂದು ಮರಳುವ ಗುರುತಿನಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ತೆಗೆಯಲಾಗುತ್ತದೆ. ನಡುವೆ ಬಂದು ಹೋಗುವ ಪೇಜ್‌ಫಾಲ್ಟ್‌ಗೆ ಆ ಅಧಿಕಾರವಿಲ್ಲ. ಇದಕ್ಕೆ ಬೇಕಾದ ಬೆಂಬಲ ಲಿನಕ್ಸ್ 6.9ರಲ್ಲಿ, 2024ರ ಮೇ ತಿಂಗಳಲ್ಲಿ ಬಂತು. ಅದೇ ವರ್ಷದ ನವೆಂಬರಿನ 6.12 ಆವೃತ್ತಿಯಲ್ಲಿ, ಬಹುತೇಕ ಎಲ್ಲ ಹ್ಯಾಂಡ್ಲರುಗಳನ್ನೂ ಥ್ರೆಡ್‌ಗಳಾಗಿಸುವ ನೈಜಕಾಲದ ಶಾಖೆಯೂ ಸುಮಾರು 20 ವರ್ಷಗಳ ಕೆಲಸದ ನಂತರ ಮುಖ್ಯ ಕರ್ನಲ್‌ನ ಭಾಗವಾಯಿತು. ಫ್ರೆಡ್ ಇಲ್ಲದ ಪ್ರೊಸೆಸರುಗಳು ಕೋಟಿಗಟ್ಟಲೆ ಬಳಕೆಯಲ್ಲಿರುವುದರಿಂದ ರಾಸ್ಟೆಡ್ ಅವರ ಕೋಡ್ ಕೂಡ ಹಾಗೆಯೇ ಉಳಿದಿದೆ. ಯಂತ್ರ ಶುರುವಾಗುವಾಗ ಕರ್ನಲ್ ಪ್ರೊಸೆಸರನ್ನು ನೋಡಿ ಎರಡರಲ್ಲಿ ಒಂದು ದಾರಿಯನ್ನು ಆರಿಸಿಕೊಳ್ಳುತ್ತದೆ.